ಕಲ್ಲಿನಲ್ಲಿ ಇಲ್ಲದ ಸಾಲು

ಮೊದಲೇ ಹೇಳಿಬಿಡುತ್ತೇನೆ, ದೆವ್ವ, ಶಕುನ, ಕಣಿ ಇವುಗಳಲ್ಲಿ ನನಗೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಯಾರಾದರೂ ಅಂಥ ಕಥೆ ತೆಗೆದರೆ ಕಾಫಿ ಮಾಡುವ ನೆಪದಲ್ಲಿ ಅಡುಗೆಮನೆಗೆ ಎದ್ದು ಹೋಗುತ್ತಿದ್ದವಳು ನಾನು. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನೀವು ಎದ್ದು ಹೋದರೂ ಬೇಸರವಿಲ್ಲ. ಆದರೆ ಹೋಗುವ ಮೊದಲು ನನ್ನ ತಂದೆಯ ಕೆಲಸದ ಬಗ್ಗೆ ಎರಡು ಮಾತು ಕೇಳಿಸಿಕೊಳ್ಳಿ. ಅದು ಗೊತ್ತಿಲ್ಲದಿದ್ದರೆ ಈ ಘಟನೆಯಲ್ಲಿ ವಿಚಿತ್ರ ಎಲ್ಲಿದೆ ಎಂದೇ ತಿಳಿಯುವುದಿಲ್ಲ.

ತಂದೆ ಮೈಸೂರಿನವರು. ಊರೂರು ಅಲೆದು ಹಳೆಯ ಶಾಸನಗಳ ಅಚ್ಚು ತೆಗೆಯುವುದು ಅವರ ಕೆಲಸ. ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಅದರ ಮೇಲೆ ಹಾಸಿ, ಗಡಸು ಕೂದಲಿನ ಬ್ರಷ್ಷಿನಿಂದ ಬಡಿಯಬೇಕು. ಬಡಿದಂತೆ ಕಾಗದ ಅಕ್ಷರಗಳ ತಗ್ಗಿನೊಳಗೆ ಇಳಿಯುತ್ತದೆ. ಅರ್ಧ ಒಣಗಿದ ಮೇಲೆ ಬಟ್ಟೆಯ ಉಂಡೆಯಿಂದ ಮಸಿ ಒತ್ತುತ್ತ ಹೋದರೆ ಮೇಲ್ಮೈಯೆಲ್ಲ ಕಪ್ಪಾಗಿ, ತಗ್ಗಿನಲ್ಲಿರುವ ಅಕ್ಷರಗಳು ಬೆಳ್ಳಗೆ ಉಳಿಯುತ್ತವೆ. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರವೂ ಹೀಗೆ ಕಾಗದಕ್ಕೆ ಬರುತ್ತದೆ. ಶಾಲೆಯ ರಜೆಗಳಲ್ಲಿ ಅವರ ಜೊತೆ ಹೋಗಿ ನೀರು ಹೊತ್ತೆ, ಕಾಗದ ಹಿಡಿದೆ, ಕೊನೆಗೆ ಬ್ರಷ್ಷು ಹಿಡಿಯುವುದನ್ನೂ ಕಲಿತೆ. ಅವರು ಹೇಳಿಕೊಟ್ಟ ಪಾಠ ಒಂದೇ. ಕಲ್ಲಿನಲ್ಲಿ ಇದ್ದದ್ದು ಕಾಗದಕ್ಕೆ ಬರುತ್ತದೆ, ಇಲ್ಲದ್ದು ಬರುವುದಿಲ್ಲ. ನಿನ್ನ ಕೈಯಾರೆ ಏನನ್ನೂ ಸೇರಿಸಬೇಡ. ಅವರು ತೀರಿಕೊಂಡಾಗ ಅಣ್ಣಂದಿರು ಗಡಿಯಾರ, ಬೀರು ಎಂದು ಹಂಚಿಕೊಂಡರು. ನಾನು ಆ ಬ್ರಷ್ಷು ಕೇಳಿ ಪಡೆದೆ. ಅರವತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಅಮೆರಿಕಕ್ಕೆ ಹೊರಟಾಗ ಅದು ಉಪ್ಪಿನಕಾಯಿ ಜಾಡಿಯ ಪಕ್ಕ, ಹಳೆಯ ಸೀರೆಯೊಂದರಲ್ಲಿ ಸುತ್ತಿಕೊಂಡು ನನ್ನ ಜೊತೆ ಬಂತು.

ನಾವು ಸಂಸಾರ ಹೂಡಿದ್ದು ಮ್ಯಾನ್‌ಹಟನ್ನಿನ ಎದುರು ದಡದ ಹೋಬೋಕನ್ನಿನಲ್ಲಿ. ಈಗಿನ ಹೋಬೋಕನ್ ನೋಡಿ ಆಗಿನದನ್ನು ಊಹಿಸಬೇಡಿ. ಆಗ ಅದು ಹಡಗುಕಟ್ಟೆಯ ಕೂಲಿಗಳ, ಕೋಟು ಹೊಲಿಯುವ ಹೆಂಗಸರ ಊರು. ನಮ್ಮ ಬೀದಿಯಲ್ಲಿ ಹತ್ತು ಮನೆಗೆ ಎಂಟು ಇಟಾಲಿಯನ್ನರದು. ನಮ್ಮವರು ಬೆಳಿಗ್ಗೆ ನದಿಯ ಕೆಳಗಿನ ರೈಲಿನಲ್ಲಿ ಮ್ಯಾನ್‌ಹಟನ್‌ಗೆ ಕಮ್ಯೂಟ್ ಮಾಡುತ್ತಿದ್ದರು. ಮೂರನೆಯ ಮಹಡಿಯ ಎರಡು ಕೋಣೆಗಳಲ್ಲಿ ನಾನೊಬ್ಬಳೇ. ಮನೆಯ ಒಡತಿ ಕಾರ್ಮೆಲಾ, ಅರವತ್ತರ ಆಸುಪಾಸಿನ ವಿಧವೆ, ನೆಲಮಹಡಿಯಲ್ಲಿ ತೊಂಬತ್ತು ದಾಟಿದ ತಾಯಿಯ ಜೊತೆ ಇದ್ದರು. ನಮ್ಮ ಪದ್ಧತಿಯಂತೆ ಅವರನ್ನು ನಾನು ಆಂಟಿ ಎಂದು ಕರೆಯುತ್ತಿದ್ದೆ. ಅವರಿಗೆ ಅದು ತಮಾಷೆ.

ಒಂದು ದಿನ ಬಟ್ಟೆ ಒಗೆಯಲು ಬೇಸ್‌ಮೆಂಟಿಗೆ ಇಳಿದವಳು ಅಲ್ಲಿ ಸಾಲಾಗಿ ಜೋಡಿಸಿದ್ದ ಷೂ ಡಬ್ಬಗಳನ್ನು ನೋಡಿದೆ. ಒಳಗೆಲ್ಲ ಕಾರ್ಡುಗಳು. ಒಬ್ಬೊಬ್ಬರಿಗೆ ಒಂದೊಂದು. ಹೆಸರು, ಇಟಲಿಯ ಯಾವ ಹಳ್ಳಿ, ಯಾವ ಹಡಗು, ಈ ಬೀದಿಯಲ್ಲಿ ಯಾವ ಮನೆಯ ಯಾವ ಮಹಡಿ, ಏನು ಕಸುಬು, ಯಾರನ್ನು ಮದುವೆಯಾದರು. ಕಟ್ಟಕಡೆಗೆ ಒಂದು ಸಾಲು: ಯಾರು ಹೇಳಿದ್ದು. ಕಾರ್ಮೆಲಾ ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟು ಕೋಟಿನ ಫ್ಯಾಕ್ಟರಿಯಲ್ಲಿ ಅಸ್ತರು ಹೊಲಿಯಲು ಕೂತವರು. ಅವರಿಗೆ ಈ ಶಿಸ್ತನ್ನು ಯಾರೂ ಕಲಿಸಿರಲಿಲ್ಲ. ಭಾನುವಾರ ಚರ್ಚು ಮುಗಿಸಿ ಮುದುಕ ಮುದುಕಿಯರ ಮನೆಗೆ ಹೋಗುವುದು, ಕೇಳುವುದು, ಬರೆಯುವುದು. ಇಬ್ಬರು ಬೇರೆ ಬೇರೆ ಹೇಳಿದರೆ ಎರಡು ಕಾರ್ಡು ಮಾಡಿ ದಾರದಿಂದ ಕಟ್ಟಿಡುತ್ತಿದ್ದರು. "ಎಲ್ಲರಿಗೂ ಗೊತ್ತಿರೋ ವಿಷಯ" ಎಂದು ಯಾರಾದರೂ ಅಂದರೆ ಪೆನ್ನು ಕೆಳಗಿಡುತ್ತಿದ್ದರು. ಅಂಥದ್ದನ್ನು ನೋಡಿದವರು ಒಬ್ಬರೂ ಇರುವುದಿಲ್ಲ ಎಂಬುದು ಅವರ ಅನುಭವ. ದೊಡ್ಡ ದೊಡ್ಡ ಪದವಿಯವರನ್ನು ಆಮೇಲೆ ಬೇಕಾದಷ್ಟು ನೋಡಿದ್ದೇನೆ, ಅಷ್ಟು ನಿಯತ್ತಿನ ಕೆಲಸಗಾರರನ್ನು ಕಂಡದ್ದು ಕಡಿಮೆ. ತಂದೆ ಬದುಕಿದ್ದರೆ ಅವರಿಬ್ಬರನ್ನೂ ಒಂದು ಮೇಜಿನ ಮುಂದೆ ಕೂರಿಸಿ ನೋಡಬೇಕಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ.

ಅವರಿಂದಲೇ ಆ ಜನರ ಹೆಸರಿಡುವ ಪದ್ಧತಿ ತಿಳಿದುಕೊಂಡೆ. ಮೊದಲ ಗಂಡುಮಗುವಿಗೆ ತಂದೆಯ ತಂದೆಯ ಹೆಸರು, ಮೊದಲ ಹೆಣ್ಣುಮಗುವಿಗೆ ತಂದೆಯ ತಾಯಿಯ ಹೆಸರು. ತಾತನ ಹೆಸರಿಡುವುದು ನಮ್ಮಲ್ಲೂ ಉಂಟಲ್ಲ ಎಂದು ನಾನು ಅಂದೆ. ಆದರೆ ಅವರದು ಇನ್ನೊಂದು ಹೆಜ್ಜೆ ಮುಂದೆ. ಹಾಗೆ ಹೆಸರಿಟ್ಟ ಮಗು ಸತ್ತರೆ, ಮುಂದೆ ಹುಟ್ಟುವ ಮಗುವಿಗೆ ಅದೇ ಹೆಸರನ್ನು ಮತ್ತೆ ಇಡುತ್ತಾರೆ. ಅಜ್ಜಿಯ ಹೆಸರು ಮನೆಯಲ್ಲಿ ಅಳಿಯಬಾರದು. ಬೀದಿಯ ಎಷ್ಟೋ ಕುಟುಂಬಗಳಲ್ಲಿ ಒಂದೇ ಹೆಸರಿನ ಇಬ್ಬರು ಮಕ್ಕಳು, ಒಬ್ಬ ಸತ್ತವನು ಒಬ್ಬ ಬದುಕಿದವನು, ಕಾರ್ಡುಗಳಲ್ಲಿ ಜೋಡಿಯಾಗಿ ಇದ್ದರು.

ಇಷ್ಟೆಲ್ಲ ಹುಡುಕಾಟ ಶುರುವಾದದ್ದು ತಾಯಿಗಾಗಿ. ಇಟಲಿಯಿಂದ ಬಂದ ಹೊಸದರಲ್ಲಿ ಆ ಅಜ್ಜಿಗೆ ಹುಟ್ಟಿದ ಮೊದಲ ಮಗು ಕೆಲವೇ ತಿಂಗಳಲ್ಲಿ ತೀರಿಕೊಂಡಿತ್ತು. ಅಜ್ಜಿ ಜ್ವರದಲ್ಲಿ ಹಾಸಿಗೆ ಹಿಡಿದಿದ್ದರು. ಗಂಡ ಮಗುವನ್ನು ಎತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದರು. ಎಲ್ಲಿ ಎಂದು ಅವರು ಹೇಳಲಿಲ್ಲ, ಇವರು ಕೇಳಲಿಲ್ಲ. ಕೇಳುವ ಧೈರ್ಯ ಬರುವಷ್ಟರಲ್ಲಿ ಅವರೇ ಇರಲಿಲ್ಲ. ಕೈಯಲ್ಲಿ ಏನೂ ಇಲ್ಲದ ವಲಸಿಗರು ಆಗ ಸತ್ತ ಕೂಸನ್ನು ತಮ್ಮ ಹಳ್ಳಿಯವರೇ ಆದ ಯಾರದಾದರೂ ಸಮಾಧಿಯೊಳಗೆ ಸೇರಿಸಿಬಿಡುತ್ತಿದ್ದರಂತೆ. ಅಜ್ಜಿಗೆ ಈಗ ಒಂದೇ ಆಸೆ, ತನ್ನನ್ನು ಆ ಮಗುವಿನ ಪಕ್ಕ ಮಲಗಿಸಬೇಕು. ಡಾಕ್ಟರು ಚಳಿಗಾಲ ಕಳೆಯುವುದು ಕಷ್ಟ ಎಂದಿದ್ದರು. ಚರ್ಚಿನ ಆ ವರ್ಷಗಳ ಪುಸ್ತಕ ನೀರು ಬಿದ್ದು ಹಾಳಾಗಿತ್ತು. ಸ್ಮಶಾನದ ರಿಜಿಸ್ಟರಿನಲ್ಲಿ ಸಮಾಧಿಯ ಮಾಲೀಕರ ಹೆಸರು ಮಾತ್ರ.

ಕಾರ್ಮೆಲಾರ ಅಣ್ಣ ವೀಟೋ ಹಡಗುಕಟ್ಟೆಯ ನಿವೃತ್ತ ಕೂಲಿ, ಒಳ್ಳೆಯ ಮನುಷ್ಯ. "ಯಾವುದಾದ್ರೂ ಒಂದು ಕಲ್ಲು ತೋರಿಸಿ ಇದೇ ಅಮ್ಮಾ ಅಂದುಬಿಡು. ಅವಳಿಗೇನು ಗೊತ್ತಾಗತ್ತೆ?" ಎಂದ. ನನ್ನ ಎದುರಿಗೇ ಕಾರ್ಮೆಲಾ ಅಂದರು, "ಅಮ್ಮನಿಗೆ ಗೊತ್ತಾಗಲ್ಲ. ಕಾರ್ಡಿನಲ್ಲಿ ಏನು ಬರೀಲಿ?" ಆ ಮಾತಿಗೆ ನಾನು ಅವರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಹುಡುಕಿ ಹುಡುಕಿ ಅವರು ಒಂದು ಕಲ್ಲಿನ ತನಕ ಬಂದಿದ್ದರು. ಕಾರ್ಮೆಲಾರ ತಂದೆಯ ಅದೇ ಹಳ್ಳಿಯ ಗೆಳೆಯನೊಬ್ಬ ತನ್ನ ಅಪ್ಪನಿಗೆ ಹಾಕಿಸಿದ ಕಲ್ಲು. ಬಿಳಿ ಅಮೃತಶಿಲೆ, ರೈಲು ಮತ್ತು ಫ್ಯಾಕ್ಟರಿಗಳ ಹೊಗೆಗೆ ಸಕ್ಕರೆಯಂತೆ ಕರಗಿ ಅಕ್ಷರವೆಲ್ಲ ಮಾಸಿತ್ತು. ಅದನ್ನು ಓದಲಾಗುತ್ತಿಲ್ಲ ಎಂದು ಅವರು ಪೇಚಾಡಿದಾಗ ನಾನು ಬಾಯಿ ತಡೆಯದೆ ನನಗೆ ಬರುತ್ತದೆ ಎಂದುಬಿಟ್ಟೆ.

ನಮ್ಮವರು ಹೌಹಾರಿದರು. "ಏನೇ ಇದು, ಹೆಂಗಸರು ಸ್ಮಶಾನಕ್ಕೆ ಹೋಗೋದೇ ಇಲ್ಲ ನಮ್ಮಲ್ಲಿ. ನೀನು ಹೋಗಿ ಪೇಂಟ್ ಬೇರೆ ಮಾಡ್ತೀಯಾ? ನಿಮ್ಮಮ್ಮನಿಗೆ ನಾನು ಲೆಟರ್ ಬರೀಬೇಕಾಗತ್ತೆ ನೋಡು" ಎಂದರು. ಬರೆಯಲಿಲ್ಲ. ಆದರೆ ಬಂದ ಮೇಲೆ ತಲೆಗೆ ಸ್ನಾನ ಮಾಡದೆ ಮೆಟ್ಟಿಲು ಹತ್ತಕೂಡದು ಎಂದು ಕಟ್ಟಪ್ಪಣೆ ಮಾಡಿದರು. ಕಾರ್ಮೆಲಾ ಇದನ್ನು ಕೇಳಿ ನಗುತ್ತಾರೆ ಅಂದುಕೊಂಡೆ. ಅವರು ನಗಲಿಲ್ಲ. ಬೇಸ್‌ಮೆಂಟಿನ ಬಟ್ಟೆ ತೊಟ್ಟಿಯ ಪಕ್ಕ ನನಗಾಗಿ ಟವೆಲ್ಲು, ಸೋಪು ಜೋಡಿಸಿಟ್ಟು, ಕಾರ್ಡೊಂದರಲ್ಲಿ ಈ ಪದ್ಧತಿಯನ್ನೂ ಬರೆದುಕೊಂಡು, ಕೆಳಗೆ ನನ್ನ ಹೆಸರು ಹಾಕಿದರು.

ಅಕ್ಟೋಬರಿನ ಒಂದು ಶನಿವಾರ ಬೆಳಿಗ್ಗೆ ಬಸ್ಸಿನಲ್ಲಿ ಹೋದೆವು. ಸ್ಮಶಾನ ಊರಾಚೆಯ ಗುಡ್ಡದ ಮೇಲಿತ್ತು. ಎಳೆ ಬಿಸಿಲು, ನದಿಯಾಚೆ ಆಗ ತಾನೇ ಮೇಲೇಳುತ್ತಿದ್ದ ಎರಡು ಅವಳಿ ಕಟ್ಟಡಗಳು, ಸುತ್ತ ಕೆಂಪು ಎಲೆಗಳು. ಹೆದರಿಕೆ ಹುಟ್ಟಿಸುವಂಥದ್ದು ಏನೂ ಇರಲಿಲ್ಲ. ಮ್ಯಾನ್‌ಹಟನ್ನಿನಿಂದ ನಮ್ಮವರೇ ತಂದುಕೊಟ್ಟ ತೆಳು ಕಾಗದ, ಒಂದು ಸೀಸೆ ಕಪ್ಪು ಮಸಿ, ಹಳೆಯ ಸೀರೆ ಹರಿದು ಮಾಡಿದ ಉಂಡೆ, ತಂದೆಯ ಬ್ರಷ್ಷು. ಕಲ್ಲನ್ನು ಅಂಗೈಯಿಂದ ಉಜ್ಜಿ ತೊಳೆದೆ. ಮೇಲೆ ನಾಲ್ಕು ಸಾಲು ಇರುವುದು ಬೆರಳಿಗೆ ತಿಳಿಯುತ್ತಿತ್ತು. ಅದರ ಕೆಳಗೆ ಒಂದು ಗೇಣಿನಷ್ಟು ಜಾಗ ನುಣುಪಾಗಿ ಖಾಲಿ ಇತ್ತು. ಮೇಲಿನಿಂದ ಕೆಳಗಿನ ತನಕ ಓರೆಯಾಗಿ ಒಂದು ಬಿರುಕು.

ಮೊದಲ ಹಾಳೆಯನ್ನು ಗಾಳಿ ಹರಿದುಹಾಕಿತು. ಎರಡನೆಯದು ಕೂತಿತು. ಬಡಿದು, ಒಣಗಲು ಬಿಟ್ಟು, ಅವರು ತಂದ ಮೊಟ್ಟೆ-ಮೆಣಸಿನಕಾಯಿ ಸ್ಯಾಂಡ್‌ವಿಚ್ಚನ್ನು ಅವರು, ನಾನು ತಂದ ಚಿತ್ರಾನ್ನವನ್ನು ನಾನು ತಿಂದೆವು. ಆಮೇಲೆ ಮಸಿ ಒತ್ತಲು ತೊಡಗಿದೆ. ಗೆಳೆಯನ ಅಪ್ಪನ ಹೆಸರು, ಹಳ್ಳಿಯ ಹೆಸರು, ಹುಟ್ಟು, ಸಾವು ಒಂದೊಂದಾಗಿ ಬೆಳ್ಳಗೆ ಎದ್ದವು. ಕಾರ್ಮೆಲಾ ಪ್ರತಿ ಅಕ್ಷರಕ್ಕೂ ಚಪ್ಪಾಳೆ ತಟ್ಟಿದರು. ನಾಲ್ಕು ಸಾಲು ಮುಗಿದ ಮೇಲೆ ನಿಲ್ಲಿಸಬಹುದಿತ್ತು. ಆದರೆ ಖಾಲಿ ಜಾಗವನ್ನೂ ಬಿಡದೆ ಅಂಚಿನ ತನಕ ಮಸಿ ಒತ್ತಬೇಕು ಎಂಬುದು ತಂದೆ ಮಾಡಿಸಿದ ಅಭ್ಯಾಸ. ಒತ್ತುತ್ತ ಹೋದೆ. ಅಲ್ಲಿ ಐದನೆಯ ಸಾಲು ಬಂತು.

ಅದು ಮಿಕ್ಕ ಸಾಲುಗಳ ಹಾಗಿರಲಿಲ್ಲ. ಅವು ಕಪ್ಪಿನ ನಡುವೆ ಬೆಳ್ಳಗಿದ್ದರೆ ಇದು ಬಿಳಿಯ ನಡುವೆ ಕಪ್ಪಗಿತ್ತು. ಅಂದರೆ ಅಕ್ಷರಗಳು ಒಳಕ್ಕೆ ಕೊರೆದವಲ್ಲ, ಹೊರಕ್ಕೆ ಉಬ್ಬಿದವು. ಅಲ್ಲಿ ಕಾರ್ಮೆಲಾ ಎಂದಿತ್ತು. ಪಕ್ಕದಲ್ಲಿ ನನಗೆ ತಿಳಿಯದ ಎರಡು ಇಟಾಲಿಯನ್ ಪದ.

ನಾನು ಬೆಪ್ಪಾಗಿ ಅವರ ಮುಖ ನೋಡಿದೆ. "ನನ್ನ ಹೆಸರು ಯಾಕೆ ಹಾಕಿದೆ?" ಎಂದು ಕೇಳಿದರು. ನಾನು ಹಾಕಲಿಲ್ಲ ಆಂಟಿ ಎಂದೆ. ಅವರು ನಂಬಲಿಲ್ಲ. ಸಮಾಧಿಯ ಮೇಲೆ ತಮ್ಮದೇ ಹೆಸರು ಕಂಡರೆ ಯಾರು ತಾನೇ ನಂಬುತ್ತಾರೆ? ಅವರ ಕಾರ್ಡಿನ ಪ್ರಕಾರ ಸತ್ತ ಮಗು ಗಂಡು, ಹೆಸರು ವೀಟೋ. ಮುಂದೆ ಹುಟ್ಟಿದ ಅಣ್ಣನಿಗೆ ಅದೇ ಹೆಸರು ಮತ್ತೆ ಬಂದಿದೆ ಎಂದು ಅವರು ಲೆಕ್ಕ ಹಾಕಿದ್ದರು. ಬಸ್ಸಿನಲ್ಲಿ ನನಗೆ ಅಳು ಬರುತ್ತಿತ್ತು. ತಂದೆಯ ಬ್ರಷ್ಷಿನ ಮೇಲೆ ಸುಳ್ಳಿನ ಆಪಾದನೆ ಬಂದಿದೆ ಎನ್ನುವುದೇ ನನ್ನ ಸಂಕಟ.

ಸ್ನಾನ ಮುಗಿಸಿ ಬರುವಷ್ಟರಲ್ಲಿ ಕಾರ್ಮೆಲಾ ಕಾಗದವನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿದ್ದರು. ಕುರ್ಚಿಯಲ್ಲಿ ಅಜ್ಜಿ. ಅವರಿಗೆ ಓದು ಬರುತ್ತಿರಲಿಲ್ಲ, ಕಣ್ಣೂ ಮಂಜು. ಕಾರ್ಮೆಲಾ ಯಾವ ಪೀಠಿಕೆಯೂ ಇಲ್ಲದೆ ತಾಯಿಯನ್ನು ಕೇಳಿದರು, "ಅಮ್ಮಾ, ಮೊದಲನೇ ಮಗು ಹೆಸರೇನು?" ಅಷ್ಟು ವರ್ಷ ಬೀದಿಯವರನ್ನೆಲ್ಲ ಕೇಳಿ ಬರೆದುಕೊಂಡವರು ಈ ಒಂದು ಪ್ರಶ್ನೆಯನ್ನು ಮನೆಯಲ್ಲಿ ಕೇಳಿರಲಿಲ್ಲ. ಅಮ್ಮ ಯಾವಾಗಲೂ "ಮೊದಲನೇದು" ಎಂದಷ್ಟೇ ಅನ್ನುತ್ತಿದ್ದರು, ಹೆಸರೆತ್ತಿ ನೋಯಿಸುವುದು ಬೇಡವೆಂದು ಇವರು ಬಿಟ್ಟಿದ್ದರು. ಮಿಕ್ಕದ್ದನ್ನು ಪದ್ಧತಿಯಿಂದ ಊಹಿಸಿದ್ದರು. ದೀಪದ ಬುಡದಲ್ಲೇ ಕತ್ತಲು.

ಅಜ್ಜಿ ಮಗಳ ಮುಖವನ್ನೇ ನೋಡಿ, ಇದೇನು ಕೇಳುತ್ತೀಯೆ ಎನ್ನುವ ಹಾಗೆ, "ಕಾರ್ಮೆಲಾ" ಎಂದರು. "ಹೆಣ್ಣು. ನಾಲ್ಕು ತಿಂಗಳು." ಕಾಗದದ ಮೇಲಿದ್ದ ಎರಡು ಪದದ ಅರ್ಥವೂ ಅದೇ, ನಾಲ್ಕು ತಿಂಗಳು, ಎಂದು ಕಾರ್ಮೆಲಾ ನನಗೆ ಆಮೇಲೆ ಹೇಳಿದರು. ಯಾಕಮ್ಮಾ ಇಷ್ಟು ವರ್ಷ ಹೇಳಲಿಲ್ಲ ಎಂದು ಮಗಳು ಕೇಳಿದಾಗ ಅಜ್ಜಿ ಕೊಟ್ಟ ಉತ್ತರವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. "ದಿನಾ ಹೇಳ್ತಾನೇ ಇದ್ದೆನಲ್ಲ. ನಿನ್ನನ್ನ ಕರೆದಾಗೆಲ್ಲ ಇಬ್ಬರನ್ನೂ ಕರೆದಿದ್ದೀನಿ."

ಕಾರ್ಮೆಲಾ ಎದ್ದು ಬಂದು ನನ್ನ ಮಸಿಯಾದ ಬೆರಳುಗಳನ್ನು ಹಿಡಿದುಕೊಂಡು ಕ್ಷಮೆ ಕೇಳಿದರು. ಅಜ್ಜಿ ಕಾಗದದ ಮೇಲೆ ಅಂಗೈ ಆಡಿಸಿ, ಆ ಸಾಲು ಬಂದಾಗ ನಿಲ್ಲಿಸಿ, ಬಹಳ ಹೊತ್ತು ಹಾಗೇ ಇಟ್ಟುಕೊಂಡಿದ್ದರು. ಉಬ್ಬಕ್ಷರಗಳಾದ್ದರಿಂದ ಅವು ಕೈಗೆ ಸಿಗುತ್ತಿದ್ದವು.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ, ತಂದೆಯ ವಿದ್ಯೆ ಪರದೇಶದಲ್ಲೂ ಕೈ ಹಿಡಿಯಿತು ಎಂದು ಹೆಮ್ಮೆ ಪಡುತ್ತಿದ್ದೆ. ಅಜ್ಜಿಯನ್ನು ಅಲ್ಲಿ ಮಣ್ಣು ಮಾಡಲು ಸ್ಮಶಾನದ ಮೇಲ್ವಿಚಾರಕನ ಒಪ್ಪಿಗೆ ಬೇಕಿತ್ತು. ಮುಂದಿನ ವಾರ ಅಚ್ಚನ್ನು ಸುರುಳಿ ಸುತ್ತಿಕೊಂಡು ಇಬ್ಬರೂ ಹೋದೆವು. ಕೆಂಪು ಮುಖದ ಮುದುಕ, ಮಾತು ಕಡಿಮೆ. ಕಾಗದ ನೋಡಿದ, ಕಲ್ಲು ನೋಡಿದ, ಕೈಯಿಂದ ಸವರಿದ. "ಲೇಡಿ, ಇದು ಈ ಕಲ್ಲಿನದಲ್ಲ" ಎಂದ.

ನಾನು ಸವರಿದೆ. ಐದನೆಯ ಸಾಲಿನ ಜಾಗ ನುಣುಪಾಗಿತ್ತು. ಮೊದಲ ದಿನ ತೊಳೆಯುವಾಗಲೂ ನನ್ನ ಅಂಗೈಗೆ ಹಾಗೇ ಸಿಕ್ಕಿತ್ತು ಎಂಬುದು ಆಗ ನೆನಪಾಯಿತು. ಕಲ್ಲು ತಪ್ಪಿದೆಯೇ ಎಂದು ಕಾಗದವನ್ನು ಅದರ ಮೇಲೆ ಹಿಡಿದೆವು. ನಾಲ್ಕು ಸಾಲು ಸರಿಯಾಗಿ ಕೂತವು, ಬಿರುಕು ಬಿರುಕಿನ ಮೇಲೆ ಕೂತಿತು. ಕಾಗದದಲ್ಲಿ ಆ ಬಿರುಕು ಕಾರ್ಮೆಲಾ ಎಂಬ ಹೆಸರಿನ ನಟ್ಟ ನಡುವೆ ಹಾದುಹೋಗಿತ್ತು. ಕಲ್ಲಿನಲ್ಲಿ ಬಿರುಕು ಇತ್ತು, ಹೆಸರಿರಲಿಲ್ಲ. ಸವೆದ ಗೀರಿದ್ದರೂ ಅದರ ನೆರಳು ಬೀಳಲಿ ಎಂದು ಕನ್ನಡಿಯಿಂದ ಓರೆ ಬಿಸಿಲು ಬಿಟ್ಟು ನೋಡಿದೆ, ಏನೂ ಕಾಣಲಿಲ್ಲ. ಕೊನೆಗೆ ಮತ್ತೊಂದು ಹಾಳೆ ಹಾಸಿ, ಬಡಿದು, ಒಣಗಿಸಿ, ಮಸಿ ಒತ್ತಿದೆ. ನಾಲ್ಕು ಸಾಲು ಬಂದವು. ಕೆಳಗೆ ಬೋಳು ಕಪ್ಪು.

ಮೇಲ್ವಿಚಾರಕ ನನ್ನತ್ತ ನೋಡಿದ ನೋಟ ನನಗೆ ಚೆನ್ನಾಗಿ ಅರ್ಥವಾಯಿತು. ಕಾರ್ಮೆಲಾ ಮುಂದೆ ಬಂದು, "ಇವಳಿಗೆ ಒಂದಕ್ಷರ ಇಟಾಲಿಯನ್ ಬರಲ್ಲ. ಸುಳ್ಳಂತೂ ಬರೋದೇ ಇಲ್ಲ, ನನ್ನ ಕಾಫಿ ಕೆಟ್ಟದಾಗಿದ್ರೆ ಮುಖದ ಮೇಲೇ ಹೇಳ್ತಾಳೆ" ಎಂದರು. ಅವರು ಬಯಸಿದ್ದರೆ ಕಾಗದ ಮಾತ್ರ ತೋರಿಸಿ, ಕಲ್ಲಿನ ಹತ್ತಿರ ಅವನನ್ನು ಕರೆತರದೆ ಕೆಲಸ ಮುಗಿಸಬಹುದಿತ್ತು. ಹಾಗೆ ಮಾಡಲಿಲ್ಲ, ಕಂಡದ್ದನ್ನೂ ಕಾಣದ್ದನ್ನೂ ಎರಡನ್ನೂ ಹೇಳಿದರು. ಆ ಮುದುಕ ಟೋಪಿ ತಿರುವುತ್ತ, ಸಮಾಧಿಯ ಮನೆಯವರು ಒಪ್ಪಿದರೆ ತನ್ನದೇನೂ ಅಡ್ಡಿಯಿಲ್ಲ ಎಂದ. ಅವರು ಒಪ್ಪಿದರು. ಫೆಬ್ರವರಿಯಲ್ಲಿ, ಹಿಮ ಸರಿಸಿ, ಅಜ್ಜಿಯನ್ನು ಆ ಕಲ್ಲಿನ ಪಕ್ಕದಲ್ಲೇ ಮಲಗಿಸಿದರು. ನಾನೂ ಹೋಗಿದ್ದೆ. ನಮ್ಮವರೂ ಬಂದಿದ್ದರು. ಬಂದ ಮೇಲೆ ಇಬ್ಬರೂ ಬೇಸ್‌ಮೆಂಟಿನಲ್ಲಿ ಸ್ನಾನ ಮಾಡಿದೆವು.

ಅಂದು ಸಂಜೆ ಕಾರ್ಮೆಲಾ ಮೇಲೆ ಬಂದು ಕೂತು, "ಇನ್ನು ಆ ಹೆಸರು ಹಿಡಿದು ಕರೆಯೋರು ಯಾರಿದ್ದಾರೆ?" ಎಂದರು. ಅಣ್ಣ ಅವರನ್ನು ಸಿಸ್ ಎನ್ನುತ್ತಿದ್ದ, ನಾನು ಆಂಟಿ. ಮಾರನೆಯ ದಿನದಿಂದ ನಾನು ಹಿರಿಯರನ್ನು ಹೆಸರು ಹಿಡಿದು ಕರೆಯಬಾರದೆಂಬ ನಮ್ಮ ಪದ್ಧತಿಯನ್ನು ಬಿಟ್ಟು, ದಿನಕ್ಕೊಂದು ಸಲವಾದರೂ ಮೆಟ್ಟಿಲ ಮೇಲಿನಿಂದ ಕಾರ್ಮೆಲಾ ಎಂದು ಗಟ್ಟಿಯಾಗಿ ಕೂಗುತ್ತಿದ್ದೆ. ಅವರು ಇದ್ದಷ್ಟು ವರ್ಷವೂ ಕೂಗಿದೆ.

ಈಗ ನಾವು ಮನ್ರೋ ಎಂಬ ಊರಿನಲ್ಲಿದ್ದೇವೆ. ಕಾರ್ಮೆಲಾ ತಮ್ಮ ಷೂ ಡಬ್ಬಗಳನ್ನು ನನಗೇ ಬಿಟ್ಟುಹೋದರು. ಮಗಳು ಅವನ್ನೆಲ್ಲ ಕಂಪ್ಯೂಟರಿಗೆ ಹಾಕಿಕೊಡುತ್ತಿದ್ದಾಳೆ. ಕಾರಣಗಳನ್ನು ನಾನೂ ಬೇಕಾದಷ್ಟು ಹುಡುಕಿದ್ದೇನೆ. ಕಾಗದದಲ್ಲಿ ಮೊದಲೇ ಏನಾದರೂ ಇತ್ತೇ, ನನ್ನ ಕೈಯೇ ಏನಾದರೂ ಮಾಡಿತೇ, ನನಗೆ ಬಾರದ ಭಾಷೆಯಲ್ಲಿ, ನನಗೆ ಗೊತ್ತಿಲ್ಲದ ಮಗುವಿನ ವಯಸ್ಸನ್ನು? ಒಂದೂ ನಿಲ್ಲುವುದಿಲ್ಲ. ಮೊನ್ನೆ ಮಗಳು ಒಂದು ಕಾರ್ಡು ಹಿಡಿದು ಬಂದಳು. ಕಾರ್ಮೆಲಾರ ದುಂಡನೆಯ ಅಕ್ಷರ: ಕಾರ್ಮೆಲಾ, ಮೊದಲನೆಯವಳು, ನಾಲ್ಕು ತಿಂಗಳು, ತಾಯಿಯ ಪಕ್ಕದಲ್ಲಿ. ಅಷ್ಟು ಡಬ್ಬಗಳಲ್ಲಿ ಕೊನೆಯ ಸಾಲು ತುಂಬದೆ ಬಿಟ್ಟ ಕಾರ್ಡು ಇದೊಂದೇ. ಹೆಸರು, ವಯಸ್ಸನ್ನು ಅಜ್ಜಿ ಹೇಳಿದ್ದರು, ಮಲಗಿದ ಜಾಗವನ್ನು ಯಾರೂ ಹೇಳಿರಲಿಲ್ಲ. ಯಾರು ಹೇಳಿದ್ದು ಎಂಬುದರ ಮುಂದೆ ಪೆನ್ಸಿಲಿನಲ್ಲಿ ನನ್ನ ಹೆಸರು ಬರೆದು, ಮತ್ತೆ ಅಳಿಸಿದ ಗುರುತಿದೆ.

"ಅಮ್ಮಾ, ಹೂ ಈಸ್ ದ ಸೋರ್ಸ್?" ಎಂದಳು ಮಗಳು.

ನನಗೆ ಗೊತ್ತಿಲ್ಲ, ಖಾಲಿ ಬಿಡು ಎಂದೆ.